ವಸಂತ ಬಂತು, ಜೇನಿಗೆ ಸಕ್ಕರೆ ಪಾಕ ಕೊಡಲೇಬೇಕಾ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಕ್ಕರೆಯದೇ ಮಾತು. ಚಳಿ ಹಿಂದೆ ಸರಿದು ಮಾವಿನ ಹೂ ಉದುರುವ ಹೊತ್ತಿಗೆ, ತಾರಸಿಯ ಮೇಲೆ ಜೇನು ಪೆಟ್ಟಿಗೆ ಇಟ್ಟವರಿಗೆಲ್ಲ ಒಂದು ಚಡಪಡಿಕೆ ಶುರುವಾಗುತ್ತದೆ. ಏನಾದರೂ ಮಾಡಬೇಕು ಅಂತ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಎಲ್ಲರದ್ದೂ ಬಡಾವಣೆ ಹೆಸರು ಮಾತ್ರ ಹಾಕಿದ್ದೇನೆ. ಉದ್ದ ಪತ್ರಗಳಿಗೆ ಕತ್ತರಿ ಆಡಿಸಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಮಸ್ಕಾರ. ಅಕ್ಟೋಬರ್‌ನಲ್ಲಿ ಎರಡು ತುಡುವೆ (ನಮ್ಮ ನಾಡಿನ ಪೆಟ್ಟಿಗೆ ಜೇನು) ಪೆಟ್ಟಿಗೆ ತಂದು ಮನೆಯ ತಾರಸಿಯ ಮೇಲೆ ಇಟ್ಟಿದ್ದೇನೆ. ಒಂದರಲ್ಲಿ ಆರು ಎರಿ (ಹುಳ ಕಟ್ಟುವ ಮೇಣದ ಹಲಗೆ) ತುಂಬ ಹುಳ ಇದೆ, ಇನ್ನೊಂದರಲ್ಲಿ ಮೂರೇ ಎರಿ. ಯೂಟ್ಯೂಬ್‌ನಲ್ಲಿ ಅಮೆರಿಕದವರೊಬ್ಬರು ಚೆನ್ನಾಗಿ ಹೇಳಿಕೊಡುತ್ತಾರೆ. ವಸಂತ ಶುರುವಾದ ಕೂಡಲೇ ಸಮಸಮ ಸಕ್ಕರೆ ಪಾಕ ಕೊಡಿ, ಕುಟುಂಬ ಬೇಗ ಬೆಳೆಯುತ್ತದೆ ಅಂತಾರೆ. ನಾನೂ ಶುರು ಮಾಡಲಾ?
(ವಿದ್ಯಾರಣ್ಯಪುರದ ಓದುಗರು)

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅವರ ಊರಿನ ಮಾತು, ಅವರ ಹುಳದ ಮಾತು. ಅಲ್ಲಿ ಸಾಕುವುದು ಯುರೋಪಿನ ಮೆಲ್ಲಿಫೆರಾ ಜೇನು. ಅಮೆರಿಕದ ಉತ್ತರ ಭಾಗ, ಕೆನಡಾ ಇಂಥ ಕಡೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೂವೇ ಇರುವುದಿಲ್ಲ. ಹುಳಗಳು ಪೆಟ್ಟಿಗೆಯೊಳಗೆ ಒಂದಕ್ಕೊಂದು ಒತ್ತಿಕೊಂಡು ಉಂಡೆಯಾಗಿ ಕೂತಿರುತ್ತವೆ. ಬೇಸಿಗೆಯಲ್ಲಿ ಕೂಡಿಟ್ಟ ಜೇನು ತಿಂದು ಮೈ ಬಿಸಿ ಮಾಡಿಕೊಳ್ಳುತ್ತಾ ಕಾಲ ತಳ್ಳುತ್ತವೆ. ರಾಣಿ ಮೊಟ್ಟೆ ಇಡುವುದು ಬಹುತೇಕ ನಿಂತಿರುತ್ತದೆ. ಚಳಿ ಪೂರ್ತಿ ಮುಗಿಯುವ ಮುಂಚೆಯೇ ಅವಳು ಮತ್ತೆ ಮೊಟ್ಟೆ ಇಡಲು ಶುರು ಮಾಡುತ್ತಾಳೆ. ಆಗ ಮರಿ ಇರುವ ಜಾಗವನ್ನು 34–35 ಡಿಗ್ರಿ ಬೆಚ್ಚಗೆ ಇಡಬೇಕು, ಮರಿಗೆ ಉಣಿಸಬೇಕು. ಖರ್ಚು ದಿಢೀರನೆ ಏರುತ್ತದೆ, ಹೊರಗೆ ಇನ್ನೂ ಹೂ ಬಂದಿರುವುದಿಲ್ಲ. ಚಳಿಯನ್ನೆಲ್ಲ ದಾಟಿ ಬಂದ ಕುಟುಂಬ ಇನ್ನೇನು ಹೂ ಬಂತು ಅನ್ನುವಾಗ ಹಸಿವಿನಿಂದ ಸಾಯುವುದು ಅಲ್ಲಿ ಉಂಟು. ಅವರ ವಸಂತದ ಪಾಕ ಹುಟ್ಟಿದ್ದು ಆ ಭಯದಿಂದ.

ನಮ್ಮಲ್ಲಿ ಜನವರಿ ರಾತ್ರಿ 15 ಡಿಗ್ರಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ, ಅಷ್ಟೇ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ತುಡುವೆ ಹೊರಡುತ್ತದೆ. ತೆಂಗು ವರ್ಷವಿಡೀ ಹೊಂಬಾಳೆ ಬಿಚ್ಚುತ್ತಲೇ ಇರುತ್ತದೆ. ಫೆಬ್ರವರಿ ಕಳೆದರೆ ಹೊಂಗೆ, ಬೇವು, ನೇರಳೆ, ಸಿಲ್ವರ್ ಓಕ್, ಮಳೆಮರ ಒಂದರ ಹಿಂದೆ ಒಂದು ಬರುತ್ತವೆ. ಯುಗಾದಿಗೆ ಬೇವಿನ ಹೂ ಕೀಳಲು ಕೈ ಹಾಕಿದರೆ ಅಲ್ಲಿ ನಮಗಿಂತ ಮುಂಚೆ ಹುಳ ಬಂದಿರುತ್ತದೆ ಅಲ್ವಾ? ಬೆಂಗಳೂರಿನ ವಸಂತ ಜೇನಿಗೆ ಹಬ್ಬದ ಕಾಲ. ಗುಲಾಬಿ ಬಣ್ಣದ ಟಬೂಬಿಯಾ ಫೋಟೊ ತೆಗೆಯುವವರಿಗೆ ಇರಲಿ. ನನ್ನ ಪೆಟ್ಟಿಗೆ ತುಂಬಿಸುವುದು ಹೊಂಗೆಯೇ.

ಹಾಗಾಗಿ ಕ್ಯಾಲೆಂಡರ್ ನೋಡಿ ಪಾಕ ಕೊಡಬೇಡಿ, ಎರಿ ನೋಡಿ ಕೊಡಿ. ಬಿಸಿಲು ಏರಿದ ಮೇಲೆ, ಹತ್ತು-ಹನ್ನೊಂದರ ಹೊತ್ತಿಗೆ, ಸಂಸಾರ ಕೋಣೆಯ (ಮರಿ ಬೆಳೆಯುವ ಕೆಳಗಿನ ಕೋಣೆ) ನಡುವಿನ ಒಂದು ಎರಿಯನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಮೇಲಂಚಿನಲ್ಲಿ ಜೇನಿನ ಪಟ್ಟಿ ಇರಬೇಕು. ಅದರ ಕೆಳಗೆ ಹಳದಿ, ಕಿತ್ತಳೆ, ಬೂದು ಬಣ್ಣದ ಪರಾಗ. ಅದರ ಕೆಳಗೆ ಮರಿ. ಜೇನಿನ ಪಟ್ಟಿ ಎರಡು ಬೆರಳಷ್ಟು ಅಗಲ ಇದ್ದು ಮೇಣದ ಮುಚ್ಚಳ ಬಿದ್ದಿದ್ದರೆ ಪೆಟ್ಟಿಗೆ ಮುಚ್ಚಿ ಬಂದುಬಿಡಿ. ಪಟ್ಟಿಯೇ ಇಲ್ಲ, ಮರಿಯ ಸುತ್ತಲ ಕೋಶಗಳೆಲ್ಲ ಖಾಲಿ ಅಂದರೆ ಹಸಿವಿದೆ. ಎಳೇ ಮರಿಯನ್ನೂ ನೋಡಿ. ಹೊಟ್ಟೆ ತುಂಬಿದ ಕುಟುಂಬದಲ್ಲಿ ಅದು ಕೋಶದ ತಳದಲ್ಲಿ ಬಿಳಿ ಆಹಾರದ ಹನಿಯಲ್ಲಿ ತೇಲುತ್ತಿರುತ್ತದೆ. ಹಸಿದ ಕುಟುಂಬದಲ್ಲಿ ಒಣಗಿದ ತಳಕ್ಕೆ ಅಂಟಿಕೊಂಡಿರುತ್ತದೆ. ಹಾಗೆ ಕಂಡರೆ ಅದೇ ಸಂಜೆ ಪಾಕ ಕೊಡಿ, ನನ್ನ ಮುಂದಿನ ಅಂಕಣಕ್ಕೆ ಕಾಯಬೇಡಿ.

ಇನ್ನು ‘ಬೇಗ ಬೆಳೆಯುತ್ತದೆ’ ಅನ್ನುವ ವಿಚಾರ. ತೆಳು ಪಾಕ ಒಳಗೆ ಬರುತ್ತಿದ್ದರೆ ಹೊರಗೆ ಮಕರಂದ ಶುರುವಾದ ಹಾಗೇ ಹುಳಗಳು ನಡೆದುಕೊಳ್ಳುತ್ತವೆ. ರಾಣಿಗೆ ಊಟ ಹೆಚ್ಚುತ್ತದೆ, ಮೊಟ್ಟೆ ಹೆಚ್ಚುತ್ತದೆ. ಅದು ಸರಿ. ಆದರೆ ದಿನದ ಲೆಕ್ಕ ಹಾಕಿ. ತುಡುವೆಯಲ್ಲಿ ಮೊಟ್ಟೆ ಇಟ್ಟ ದಿನದಿಂದ ಹುಳ ಹೊರಬರಲು ಸುಮಾರು 20 ದಿನ. ಹೊರಬಂದ ಹುಳ ಮೊದಲ ಎರಡು-ಮೂರು ವಾರ ಮನೆಯೊಳಗೇ ಕೆಲಸ ಮಾಡುತ್ತದೆ. ಮರಿಗೆ ಉಣಿಸುವುದು, ಮೇಣ ಕಟ್ಟುವುದು, ಬಾಗಿಲು ಕಾಯುವುದು. ಹೂವಿಗೆ ಹೋಗುವುದು ಆಮೇಲೆ. ಅಂದರೆ ಇವತ್ತು ಕೊಟ್ಟ ಪಾಕದ ಫಲ ಹೂವಿನ ಮೇಲೆ ಕಾಣಲು ಹತ್ತಿರ ಹತ್ತಿರ 40 ದಿನ ಬೇಕು. ಹೊಂಗೆ ಮಾರ್ಚ್ ನಡುವಿನಿಂದ ಜೋರಾಗುತ್ತದೆ ಅಂತ ಇಟ್ಟುಕೊಳ್ಳಿ. ಹಿಂದಕ್ಕೆ ಎಣಿಸಿದರೆ ಜನವರಿ ಕೊನೆ, ಫೆಬ್ರವರಿ ಮೊದಲ ವಾರ. ಹೊಂಗೆ ಬಿರಿದ ಮೇಲೆ ಕೊಡುವ ಪಾಕದಿಂದ ಸಕ್ಕರೆ ಅಂಗಡಿಯವನಿಗೆ ಮಾತ್ರ ಲಾಭ.

ನಿಮ್ಮ ಆರು ಎರಿಯ ಕುಟುಂಬಕ್ಕೆ ಏನೂ ಬೇಡ. ಅದಕ್ಕೆ ಸುಮ್ನೆ ಪಾಕ ಸುರಿದರೆ ಒಳಗೆ ಜಾಗ ಸಾಲದೆ ಕುಟುಂಬ ಪಾಲಾಗಿ, ಅಂದರೆ ಎರಡಾಗಿ ಒಡೆದು, ಹೋಗುತ್ತದೆ. ತುಡುವೆಗೆ ಪಾಲಾಗುವ ಚಟ ಮೊದಲೇ ಜಾಸ್ತಿ. ಅರ್ಧ ಹುಳ ಪಕ್ಕದ ಮನೆಯ ಮೀಟರ್ ಬಾಕ್ಸಿನಲ್ಲಿ ಹೋಗಿ ಕೂರುತ್ತದೆ, ನೀವು ಕೆಳಗೆ ಏಣಿ ಹಿಡಿದು ನಿಂತಿರುತ್ತೀರಿ. ಮೂರು ಎರಿಯದ್ದಕ್ಕೆ ಹೊಂಗೆ ಮೊಗ್ಗು ಕಾಣುವವರೆಗೆ ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಕೊಡಿ. ಅದರ ಬಾಗಿಲನ್ನು ಕಿರಿದು ಮಾಡಿ. ಕತ್ತಲಾದ ಮೇಲೆ, ರಾತ್ರಿಯೇ ಕುಡಿದು ಮುಗಿಸುವಷ್ಟು ಮಾತ್ರ ಇಡಿ. ಇಲ್ಲದಿದ್ದರೆ ಪಕ್ಕದ ಆರು ಎರಿಯವರು ಬೆಳಗಾಗುವುದನ್ನೇ ಕಾಯುತ್ತಿರುತ್ತಾರೆ.

ಪ್ರಶ್ನೆ: ಅಕ್ಕಾ, ಪಾಕ ಮಾಡುವ ಅಳತೆ ಹೇಳಿ. ನಮ್ಮ ಮನೆಯಲ್ಲಿ ಮಂಡ್ಯದಿಂದ ತಂದ ಒಳ್ಳೆಯ ಸಾವಯವ ಬೆಲ್ಲ ಇದೆ. ಬಿಳಿ ಸಕ್ಕರೆಗಿಂತ ಅದೇ ಒಳ್ಳೆಯದಲ್ವಾ? ಸ್ವಲ್ಪ ನಿಂಬೆರಸ, ಅರಿಶಿನ ಹಾಕಿದರೆ ರೋಗ ಬರಲ್ಲ ಅಂತಾನೂ ಯಾರೋ ಹೇಳಿದರು.
(ಹೆಸರಘಟ್ಟದ ಓದುಗರು)

ಉತ್ತರ: ಬೆಲ್ಲ ನೀವು ತಿನ್ನಿ ತಂಗಿ. ಹುಳಕ್ಕೆ ಬೇಡ. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಖನಿಜ, ಕಬ್ಬಿನ ರಸದ ಉಳಿಕೆ ಎಲ್ಲ ಇರುತ್ತದೆ. ನಮಗೆ ಅದು ಒಳ್ಳೆಯದು. ಜೇನುಹುಳಕ್ಕೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಆರೋಗ್ಯದ ಹುಳ ಪೆಟ್ಟಿಗೆಯೊಳಗೆ ಹೇಲುವುದಿಲ್ಲ, ಹೊರಗೆ ಹಾರಿ ಹೋಗಿಯೇ ಮಾಡುತ್ತದೆ. ಹೊಟ್ಟೆ ಕೆಟ್ಟರೆ ಬಾಗಿಲಲ್ಲಿ, ಅಡಿಮಣೆಯ ಮೇಲೆ, ಎರಿಯ ಮೇಲೆ ಕಂದು ಕಲೆ ಬೀಳುತ್ತದೆ. ಬ್ರೌನ್ ಶುಗರ್, ಕಾಕಂಬಿ ಕೂಡ ಇದೇ ಜಾತಿ. ಈ ಒಂದು ವಿಷಯದಲ್ಲಿ ಮಾತ್ರ ನಾನು ಬಿಳಿ ಸಕ್ಕರೆಯ ಪಕ್ಷ.

ಅಳತೆ ಸುಲಭ. ಒಂದು ಕೆಜಿ ಸಕ್ಕರೆಗೆ ಒಂದು ಲೀಟರ್ ನೀರು. ಮೊದಲು ನೀರು ಕುದಿಸಿ. ಒಲೆ ಆರಿಸಿ. ಆಮೇಲೆ ಸಕ್ಕರೆ ಹಾಕಿ ಕದಡಿ. ಸಕ್ಕರೆ ಹಾಕಿ ಕುದಿಸುತ್ತಾ ನಿಲ್ಲಬೇಡಿ. ಜಾಮೂನಿನ ಪಾಕ ಮಾಡಿ ರೂಢಿ ಇರುವವರಿಗೆ ಕೈ ತಡೆಯುವುದಿಲ್ಲ, ನನಗೆ ಗೊತ್ತು! ಆದರೆ ತಳ ಹಿಡಿದು ಬಣ್ಣ ತಿರುಗಿದ ಸಕ್ಕರೆ ಹುಳಕ್ಕೆ ವಿಷ. ನಿಂಬೆರಸವೂ ಬೇಡ. ಹುಳಿ ಹಾಕಿ ಬಿಸಿ ಮಾಡಿದರೆ ಎಚ್‌ಎಂಎಫ್ ಅನ್ನುವ ವಸ್ತು ಹೆಚ್ಚುತ್ತದೆ. ಅದೂ ಹುಳಕ್ಕೆ ಆಗದು. ಅರಿಶಿನ ಸಾರಿಗೆ ಇರಲಿ. ವಿದೇಶದ ಪುಸ್ತಕಗಳಲ್ಲಿ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಗಟ್ಟಿ ಪಾಕವೂ ಬರುತ್ತದೆ. ಅದು ಚಳಿಗಾಲಕ್ಕೆ ಮುಂಚೆ ದಾಸ್ತಾನು ಮಾಡಿಸಲು. ನಮಗೆ ಸಮಸಮದ್ದೇ ಸಾಕು.

ತುಡುವೆ ಕುಟುಂಬಕ್ಕೆ ಹೂವಿಲ್ಲದ ಕಾಲದಲ್ಲಿ ವಾರಕ್ಕೆ 200 ಗ್ರಾಂ ಸಕ್ಕರೆಯ ಪಾಕ ಅನ್ನುವುದು ರೂಢಿಯ ಲೆಕ್ಕ. ಒಂದು ಕೆಜಿ ಸಕ್ಕರೆ ಐದು ಪೆಟ್ಟಿಗೆಗೆ ಒಂದು ವಾರ ಬರುತ್ತದೆ.

ಇಡುವ ಪಾತ್ರೆಗೆ ದುಡ್ಡು ಖರ್ಚು ಮಾಡಬೇಡಿ. ನಮ್ಮ ಶಿರಸಿ ಕಡೆ ಮೊದಲಿಂದಲೂ ತೆಂಗಿನ ಕರಟ. ಕಾಯಿ ತುರಿದ ಮೇಲೆ ಕರಟವನ್ನು ತೊಳೆದು ಒಣಗಿಸಿ, ಮೂರು ಸಣ್ಣ ಕಲ್ಲಿನ ನಡುವೆ ಅಲುಗಾಡದ ಹಾಗೆ ಎರಿಗಳ ಮೇಲ್ಭಾಗದಲ್ಲಿ ಇಡುತ್ತೇನೆ. ಅದರ ಮೇಲೆ ಖಾಲಿ ಜೇನು ಕೋಣೆ, ಮುಚ್ಚಳ. ಪಾಕದಲ್ಲಿ ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದ ಮುರಿದು ತೇಲಿಬಿಡಿ. ಇದು ಮುಖ್ಯ. ಕಡ್ಡಿ ಇಲ್ಲದಿದ್ದರೆ ಬೆಳಿಗ್ಗೆ ಕರಟದ ತುಂಬ ಮುಳುಗಿ ಸತ್ತ ಹುಳ. ಕಡ್ಡಿ ಇದ್ದರೆ ಅವು ಅದರ ಮೇಲೆ ಸಾಲಾಗಿ ನಿಂತು, ಮೂತಿ ಕೆಳಗೆ ಮಾಡಿ, ಕೆಂಪು ಕಂದು ನಾಲಿಗೆ ಚಾಚಿ ಹೀರುತ್ತವೆ. ಹೊಟ್ಟೆಯ ಪಟ್ಟಿಗಳು ಹಿಗ್ಗಿ ಸಂದಿಯಲ್ಲಿ ಬೆಳಕು ಕಾಣುವಷ್ಟು ಕುಡಿದು, ಕರಟದ ಅಂಚಿಗೆ ಹತ್ತಿ, ಎರಿಗಳ ಸಂದಿಯಲ್ಲಿ ಇಳಿಯುತ್ತವೆ. ಟಾರ್ಚಿಗೆ ಕೆಂಪು ಗಾಜಿನ ಕಾಗದ ಸುತ್ತಿ ಒಂದು ಸಲ ನೋಡಿ. ಟಿವಿ ಹಾಕುವುದೇ ಬೇಡ ಅನಿಸುತ್ತದೆ.

ಅಂಗಡಿಯ ಜೇನುತುಪ್ಪವನ್ನು ಯಾವ ಕಾರಣಕ್ಕೂ ಹುಳಕ್ಕೆ ಕೊಡಬೇಡಿ. ಬೇರೆ ಕಡೆಯ ಜೇನಿನಲ್ಲಿ ಮರಿಕೊಳೆ ರೋಗದ ಬೀಜಾಣು ಇರಬಹುದು. ನಮಗೆ ಅದರಿಂದ ಏನೂ ಆಗಲ್ಲ. ಹುಳದ ಮರಿಗೆ ಆಗುತ್ತದೆ.

ಪ್ರಶ್ನೆ: ಮೇಡಂ, ಎಲ್ಲ ಪೆಟ್ಟಿಗೆಗೂ ಸಿಗಲಿ ಅಂತ ತಾರಸಿಯ ನಡುವೆ ಸ್ಟೀಲ್ ತಟ್ಟೆಯಲ್ಲಿ ಪಾಕ ಇಟ್ಟೆ. ಅರ್ಧ ಗಂಟೆಯಲ್ಲಿ ಸಾವಿರಾರು ಹುಳ. ಆಮೇಲೆ ಒಂದಕ್ಕೊಂದು ಕಚ್ಚಾಡಿ ಒಂದು ಪೆಟ್ಟಿಗೆಯ ಮುಂದೆ ರಾಶಿ ಹುಳ ಸತ್ತವು. ಮಕ್ಕಳಿಗೂ ಕಚ್ಚಿದವು. ಯಾಕೆ ಹೀಗೆ?
(ಬನಶಂಕರಿ ಎರಡನೇ ಹಂತದ ಓದುಗರು)

ಉತ್ತರ: ಹೂವಿಲ್ಲದ ಹೊತ್ತಿನಲ್ಲಿ ಬಯಲಲ್ಲಿ ಸಿಹಿ ಇಟ್ಟರೆ ಹೀಗೇ ಆಗುವುದು. ಬಂದದ್ದು ನಿಮ್ಮ ಹುಳ ಮಾತ್ರ ಅಲ್ಲ. ಸುತ್ತಲಿನ ಮರದ ಪೊಟರೆ, ಗೋಡೆ ಸಂದಿ, ಎಲ್ಲ ಕಡೆಯ ಹುಳವೂ ಬಂದಿದೆ. ತಟ್ಟೆ ಖಾಲಿಯಾದ ಮೇಲೂ ಅವು ಹೋಗುವುದಿಲ್ಲ, ಹುಡುಕುತ್ತವೆ. ಹತ್ತಿರದಲ್ಲಿ ಯಾವ ಪೆಟ್ಟಿಗೆಯ ಕಾವಲು ಸಡಿಲ ಇದೆಯೋ ಅದಕ್ಕೆ ನುಗ್ಗುತ್ತವೆ. ಇದನ್ನೇ ಕೊಳ್ಳೆ ಅನ್ನುವುದು. ಕೊಳ್ಳೆ ಬಿದ್ದ ಪೆಟ್ಟಿಗೆಯನ್ನು ಗುರುತಿಸುವುದು ಕಷ್ಟವಲ್ಲ. ಕಳ್ಳಹುಳ ನೇರ ಬಾಗಿಲಿಗೆ ಇಳಿಯುವುದಿಲ್ಲ, ಬಾಗಿಲ ಮುಂದೆ ಆಚೆ ಈಚೆ ತೂಗಾಡುತ್ತದೆ, ಮುಚ್ಚಳದ ಸಂದಿ, ಹಿಂಬದಿಯ ಬಿರುಕು ಎಲ್ಲ ಮೂಸುತ್ತದೆ. ಬಾಗಿಲಲ್ಲಿ ಎರಡೆರಡು ಹುಳ ಕಾಲು ಕಾಲು ಹಿಡಿದು ಉರುಳುತ್ತಿರುತ್ತವೆ.

ಮತ್ತೆ ಹಾಗಾದರೆ ಮೊದಲು ತಟ್ಟೆ ತೆಗೆದು ನೆಲವನ್ನು ನೀರು ಹಾಕಿ ತೊಳೆಯಿರಿ. ಕೊಳ್ಳೆ ಬಿದ್ದ ಪೆಟ್ಟಿಗೆಯ ಬಾಗಿಲನ್ನು ಒಂದೇ ಹುಳ ತೂರುವಷ್ಟು ಕಿರಿದು ಮಾಡಿ. ಬಾಗಿಲ ಮೇಲೆ ಹಸಿ ಹುಲ್ಲನ್ನು ಸಡಿಲವಾಗಿ ಹರಡಿ. ಒಳಗಿನವರು ದಾರಿ ಮಾಡಿಕೊಳ್ಳುತ್ತಾರೆ, ಹೊರಗಿನವರಿಗೆ ಗೊಂದಲ. ಸಂಜೆವರೆಗೆ ಯಾವ ಪೆಟ್ಟಿಗೆಯನ್ನೂ ತೆರೆಯಬೇಡಿ. ಮುಂದೆ ಪಾಕ ಕೊಡುವಾಗ ಪೆಟ್ಟಿಗೆಯ ಒಳಗೆ, ಕತ್ತಲಾದ ಮೇಲೆ, ಎಲ್ಲದಕ್ಕೂ ಅದೇ ದಿನ. ಹೊರಗೆ ಒಂದು ಹನಿ ಚೆಲ್ಲಿದರೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳಿಗೆ ಕಚ್ಚಿದ್ದು ಈಗ ಹೇಗಿದೆ ಅಂತ ನೀವು ಬರೆದಿಲ್ಲ. ಮುಖ ಊದುವುದು, ಉಸಿರು ಕಟ್ಟುವುದು ಇದ್ದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಪ್ರಶ್ನೆ: ಅಮ್ಮಾ, ಹೋದ ವರ್ಷ ವಸಂತದಲ್ಲಿ ಪಾಕ ಕೊಟ್ಟು ಚೆನ್ನಾಗಿ ನೋಡಿಕೊಂಡೆ. ಮೇ ತಿಂಗಳಲ್ಲಿ ಕೊನೆ ಹನಿಯವರೆಗೆ ಜೇನೂ ತೆಗೆದೆ. ಜುಲೈನಲ್ಲಿ ಒಂದು ದಿನ ನೋಡಿದರೆ ಪೆಟ್ಟಿಗೆ ಖಾಲಿ. ಸತ್ತ ಹುಳ ಒಂದೂ ಇಲ್ಲ. ಎರಿಯಲ್ಲಿ ಜೇನೂ ಇಲ್ಲ, ಮರಿಯೂ ಇಲ್ಲ. ಯಾರಾದರೂ ಕದ್ದರಾ? ಈ ವರ್ಷ ಏನು ಮಾಡಲಿ?
(ಕೆಂಗೇರಿಯ ಓದುಗರು)

ಉತ್ತರ: ಯಾರೂ ಕದ್ದಿಲ್ಲಪ್ಪ. ಅವೇ ಎದ್ದು ಹೋಗಿವೆ. ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬ ಮುಖ್ಯ ಅನಿಸಿದ್ದು ನಿಮ್ಮದು. ಎಲ್ಲರೂ ಫೆಬ್ರವರಿಯ ಬಗ್ಗೆ ಕೇಳುತ್ತಿದ್ದೀರಿ, ಬೆಂಗಳೂರಿನ ಜೇನಿಗೆ ಹೊಟ್ಟೆಗಿಲ್ಲದ ಕಾಲ ಜೂನ್‌ನಿಂದ ಸೆಪ್ಟೆಂಬರ್.

ಹೊಂಗೆ ಮುಗಿಯಿತು, ಮಳೆಮರ ಮುಗಿಯಿತು. ಆಮೇಲೆ ಮೋಡ, ಜಿಟಿಜಿಟಿ ಮಳೆ. ಇದ್ದ ಹೂವಿನ ಮಕರಂದವೂ ತೊಳೆದು ಹೋಗುತ್ತದೆ, ಹುಳ ಹಾರುವ ಗಂಟೆಗಳೂ ಕಡಿಮೆ. ನಗರದ ಹೊರಗೆ ಹುಚ್ಚೆಳ್ಳು ಹೂ ಬಿಡುವವರೆಗೆ ಬಿಗುವಿನ ಕಾಲವೇ. ಇದನ್ನು ಕಂಡುಹಿಡಿಯಲು ಪೆಟ್ಟಿಗೆಯನ್ನೇ ತೆರೆಯಬೇಕಾಗಿಲ್ಲ. ರಸ್ತೆಗೆ ಹೋಗಿ. ಕಬ್ಬಿನ ಹಾಲಿನ ಗಾಡಿಯ ಸಿಪ್ಪೆ ಬುಟ್ಟಿಯಲ್ಲಿ, ಬೇಕರಿಯ ಗಾಜಿನ ಕಪಾಟಿನೊಳಗೆ, ಟೀ ಅಂಗಡಿಯ ಪೇಪರ್ ಲೋಟಗಳ ತೊಟ್ಟಿಯಲ್ಲಿ ಜೇನುಹುಳ ಕಂಡರೆ ಹೊರಗೆ ಹೂವಿಲ್ಲ ಅಂತಲೇ ಅರ್ಥ. ಒಳ್ಳೆ ಹೂವಿರುವಾಗ ಅವು ಟೀ ಲೋಟದ ಕಡೆ ತಿರುಗಿಯೂ ನೋಡುವುದಿಲ್ಲ.

ಇಲ್ಲಿ ತುಡುವೆಗೂ ಮೆಲ್ಲಿಫೆರಾಗೂ ದೊಡ್ಡ ವ್ಯತ್ಯಾಸ ಇದೆ. ಮೆಲ್ಲಿಫೆರಾ ಹಸಿದರೂ ಪೆಟ್ಟಿಗೆಯಲ್ಲೇ ಕೂತು ಸಾಯುತ್ತದೆ. ತಲೆಯನ್ನು ಖಾಲಿ ಕೋಶದೊಳಗೆ ತೂರಿಸಿಕೊಂಡು ಸತ್ತಿರುತ್ತದೆ. ನೋಡಲಾಗದು. ತುಡುವೆ ಹಾಗಲ್ಲ. ಊಟ ಕಡಿಮೆಯಾದರೆ ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ, ಇದ್ದ ಮರಿ ಹೊರಬರುವವರೆಗೆ ಕಾಯುತ್ತವೆ, ಉಳಿದ ಜೇನನ್ನು ಹೊಟ್ಟೆಗೆ ತುಂಬಿಕೊಂಡು ಒಂದು ಬೆಳಿಗ್ಗೆ ಇಡೀ ಕುಟುಂಬ ಪರಾರಿ. ನಿಮ್ಮ ಎರಿ ಅಷ್ಟು ಸ್ವಚ್ಛ ಇದ್ದದ್ದು ಅದಕ್ಕೇ. ಕಾಡಿನಿಂದ ಬಂದ ಬುದ್ಧಿ, ಪಾಪ. ಒಂದು ಕಡೆ ಅನ್ನ ಇಲ್ಲದಿದ್ದರೆ ಇನ್ನೊಂದು ಕಡೆ.

ನಿಮ್ಮ ಪತ್ರದಲ್ಲಿ ಇನ್ನೊಂದು ವಾಕ್ಯ ಇದೆ. ಮೇ ತಿಂಗಳಲ್ಲಿ ‘ಕೊನೆ ಹನಿಯವರೆಗೆ’ ಜೇನು ತೆಗೆದೆ ಅಂತ. ಬೈಯುತ್ತಿಲ್ಲ, ಆದರೆ ಆ ಜೇನು ಅವು ಮಳೆಗಾಲಕ್ಕೆ ಅಂತ ಕೂಡಿಟ್ಟದ್ದು. ಈ ಸಲ ಮೇಲಿನ ಜೇನು ಕೋಣೆಯ ಜೇನು ಮಾತ್ರ ತೆಗೆಯಿರಿ, ಸಂಸಾರ ಕೋಣೆಯ ಎರಿ ಮುಟ್ಟಬೇಡಿ. ಕೊನೆ ಸಲದ್ದನ್ನು ಅವಕ್ಕೇ ಬಿಡಿ. ತಾವೇ ಮಾಡಿದ ಜೇನಿಗೆ ಯಾವ ಪಾಕವೂ ಸಮ ಅಲ್ಲ.

ಜೂನ್ ಶುರುವಿನಿಂದ ವಾರಕ್ಕೊಮ್ಮೆ ಎರಿ ನೋಡಿ. ಜೇನಿನ ಪಟ್ಟಿ ಕರಗುತ್ತಾ ಬಂದ ಕೂಡಲೇ ವಾರಕ್ಕೆ 200 ಗ್ರಾಂ ಲೆಕ್ಕದಲ್ಲಿ ಪಾಕ ಶುರು ಮಾಡಿ, ಹೊರಗೆ ಹೂ ಬರುವವರೆಗೆ ತಪ್ಪಿಸಬೇಡಿ. ಹುಳ ಆವರಿಸದೇ ಇರುವ ಖಾಲಿ ಎರಿಗಳನ್ನು ತೆಗೆದುಬಿಡಿ. ಇಲ್ಲದಿದ್ದರೆ ಮೇಣದ ಹುಳು ಸೇರಿಕೊಂಡು ಬಲೆ ಕಟ್ಟುತ್ತದೆ, ಅದಕ್ಕೂ ತುಡುವೆ ಮನೆ ಬಿಡುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ, ಪಾಕದ ವಾಸನೆಗೆ ಮೊದಲು ಬರುವುದು ಇರುವೆ. ಬಟ್ಟಲ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಮಳೆಗಾಲದ ಬೆಂಗಳೂರಿನಲ್ಲಿ ಡೆಂಗಿ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿಕೊಡುವುದು ಬೇಡ.

ಒಂದು ಎಚ್ಚರಿಕೆ. ಹಸಿವಲ್ಲದೆ ಕಾಯಿಲೆಯಿಂದಲೂ ಕುಟುಂಬ ಸೊರಗುತ್ತದೆ. ಪಾಕ ಕೊಟ್ಟರೂ ಏಳದಿದ್ದರೆ ಮರಿಗಳನ್ನು ನೋಡಿ. ಕೋಶದ ಬಾಯಲ್ಲಿ ಮರಿಯ ತಲೆ ಮೇಲೆದ್ದು ನಿಂತಿದೆ, ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ ಅಂದರೆ ಅದು ಥಾಯ್ ಸ್ಯಾಕ್‌ಬ್ರೂಡ್ ವೈರಸ್. 1991–92ರ ಹೊತ್ತಿಗೆ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಇದರಿಂದಲೇ ಹೋದವು. ನಮ್ಮ ಕಡೆ ಸಾಲು ಸಾಲು ಖಾಲಿ ಪೆಟ್ಟಿಗೆಗಳು ಕೊಟ್ಟಿಗೆಯ ಅಟ್ಟ ಸೇರಿದ್ದು ಆಗಲೇ. ಅದಕ್ಕೆ ಸಕ್ಕರೆ ಮದ್ದಲ್ಲ. ಆ ಪೆಟ್ಟಿಗೆಯ ಎರಿಯನ್ನು ಬೇರೆಯದಕ್ಕೆ ಹಾಕಬೇಡಿ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನು ಕೃಷಿಯವರಿದ್ದಾರೆ, ಅವರನ್ನು ಕೇಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಪರಾಗದ ಬದಲಿ ಕೇಕ್’ ತರಿಸಿದೆ. ದುಬಾರಿ. ಹುಳಗಳು ಮೂಸಿಯೂ ನೋಡುತ್ತಿಲ್ಲ. ಈಗ ಅದರ ಮೇಲೆ ಬೂಷ್ಟು ಬರುತ್ತಿದೆ.
(ಜೆ.ಪಿ. ನಗರದ ಓದುಗರು)

ಉತ್ತರ: ತೆಗೆದು ಬಿಸಾಡಿ. ನಿಮ್ಮ ಹುಳಗಳಿಗೆ ಹೊರಗೆ ತಾಜಾ ಪರಾಗ ಸಿಗುತ್ತಿದೆ. ಮಕರಂದ, ಸಕ್ಕರೆ ಇವೆಲ್ಲ ಹಾರುವ ಶಕ್ತಿಗೆ. ಮರಿ ಬೆಳೆಯಲು ಪ್ರೋಟೀನ್ ಬೇಕು, ಅದು ಪರಾಗದಿಂದ ಬರಬೇಕು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಾಗಿಲ ಬಳಿ ಕೂತು ನೋಡಿ. ವಾಪಸು ಬರುವ ಹುಳದ ಹಿಂಗಾಲಿನಲ್ಲಿ ಬಣ್ಣದ ಉಂಡೆ ಕಂಡರೆ ಕೇಕ್ ಬೇಡವೇ ಬೇಡ. ತೆಂಗಿನ ಮರ ಇರುವ ಬೀದಿಯಲ್ಲಿ ಫೆಬ್ರವರಿಯಲ್ಲಿ ಪರಾಗದ ಬರ ನಾನಂತೂ ಕಂಡಿಲ್ಲ.

ಮಳೆಗಾಲದಲ್ಲಿ ವಾರಗಟ್ಟಲೆ ಉಂಡೆ ಕಾಣದಿದ್ದರೆ ಮನೆಯಲ್ಲೇ ಮಾಡಿ. ಎಣ್ಣೆ ತೆಗೆದ ಸೋಯಾ ಹಿಟ್ಟು ಮೂರು ಪಾಲು, ಬ್ರೂವರ್ಸ್ ಯೀಸ್ಟ್ ಒಂದು ಪಾಲು, ಕೆನೆ ತೆಗೆದ ಹಾಲಿನ ಪುಡಿ ಒಂದು ಪಾಲು. ಸಕ್ಕರೆ ಪಾಕ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ತಟ್ಟಿ ಬಟರ್ ಪೇಪರ್ ಮೇಲೆ ಇಟ್ಟು ಮರಿ ಇರುವ ಎರಿಗಳ ನೇರ ಮೇಲೆ ಇಡಿ. ದೂರ ಇಟ್ಟರೆ ತಿನ್ನುವುದಿಲ್ಲ. ಬೇಕರಿಯ ಯೀಸ್ಟ್ ಹಾಕಬೇಡಿ. ಅದು ಜೀವಂತ ಇರುತ್ತದೆ, ಉಬ್ಬುತ್ತದೆ.

ಪ್ರಶ್ನೆ: ಪಾಕ ಕೊಡುತ್ತೀರಿ ಅಂದಮೇಲೆ ನಿಮ್ಮ ಜೇನು ಸಕ್ಕರೆ ಜೇನೇ ಅಲ್ವಾ ಅಂತ ಪಕ್ಕದ ಮನೆಯವರು ಮುಖದ ಮೇಲೇ ಕೇಳಿದರು. ಏನು ಹೇಳಲಿ?
(ಮಲ್ಲೇಶ್ವರದ ಓದುಗರು)

ಉತ್ತರ: ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನೀವು ಯಾವಾಗ ಪಾಕ ಕೊಡುತ್ತೀರಿ ಅನ್ನುವುದರ ಮೇಲೆ ಉತ್ತರ ಇದೆ. ಜೇನು ತೆಗೆಯುವ ಕೋಣೆ ಏರಿಸಿದ ಮೇಲೂ ಪಾಕ ಕೊಡುತ್ತಿದ್ದರೆ ಹೌದು, ಅದು ಸಕ್ಕರೆ ಜೇನೇ. ಹುಳ ಪಾಕವನ್ನು ಅಲ್ಲಿ ತಂದು ಇಡುತ್ತದೆ, ಮುಚ್ಚಳವನ್ನೂ ಹಾಕುತ್ತದೆ. ನೋಡಲು ಒಂದೇ ಥರ. ಆದರೆ ಲ್ಯಾಬಿನಲ್ಲಿ ಸಿಕ್ಕಿಬೀಳುತ್ತದೆ. ಕಬ್ಬು, ಮೆಕ್ಕೆಜೋಳ ಇವು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿಯೇ ಬೇರೆ. ಅವಕ್ಕೆ ಸಿ4 ಗಿಡ ಅನ್ನುತ್ತಾರೆ. ಹೊಂಗೆ, ಬೇವು, ನೇರಳೆಯಂಥ ಜೇನಿನ ಮರಗಳು ಸಿ3. ಹಾಗಾಗಿ ಕಬ್ಬಿನ ಸಕ್ಕರೆಯಲ್ಲಿ ಭಾರದ ಇಂಗಾಲದ ಪಾಲು ತುಸು ಹೆಚ್ಚು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಜೇನಿನ ಮಾನದಂಡದಲ್ಲಿ ಸಿ4 ಸಕ್ಕರೆಗೆ ಮಿತಿ ಇಟ್ಟಿರುವುದು ಇದನ್ನು ಹಿಡಿಯಲಿಕ್ಕೇ.

ನನ್ನ ಕ್ರಮ ಹೀಗೆ. ಹೊಂಗೆ ಮೊಗ್ಗು ಕಂಡ ದಿನ ಕರಟ ಹೊರಗೆ. ಸಂಸಾರ ಕೋಣೆಯ ಹಳೇ ಪಾಕ ಖರ್ಚಾಗಲು ಬಿಟ್ಟು, ಹೊಸ ಬಿಳಿ ಮೇಣ ಕಟ್ಟುವುದು ಕಂಡ ಮೇಲೇ ಮೇಲೆ ಜೇನು ಕೋಣೆ. ಜೇನು ಮಾರುವವರು ಫೆಬ್ರವರಿಯಿಂದ ಮೇವರೆಗೂ ಪಾಕ ಕೊಡುತ್ತಲೇ ಇದ್ದರೆ ಅಂಥವರ ಬಳಿ ನಾನು ಕೊಳ್ಳುವುದಿಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಪೆಟ್ಟಿಗೆ ತೆರೆದು ತೋರಿಸಿ, ಒಂದು ಚಮಚ ನೆಕ್ಕಿಸಿ. ಹೊಂಗೆ ಸೀಸನ್ನಿನ ಜೇನಿನ ರುಚಿಗೇ ಅವರ ಬಾಯಿ ಮುಚ್ಚುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯ ಸಜ್ಜಾಕ್ಕೆ ಹೆಜ್ಜೇನು ಕಟ್ಟಿದೆ. ರಾತ್ರಿ ಬಾಲ್ಕನಿಯಲ್ಲಿ ಹುಳಗಳು ಬಿದ್ದು ಒದ್ದಾಡುತ್ತವೆ. ಹಸಿವಾ? ಸಕ್ಕರೆ ನೀರು ಇಡಲಾ?
(ವೈಟ್‌ಫೀಲ್ಡ್‌ನ ಓದುಗರು)

ಉತ್ತರ: ಹಸಿವಲ್ಲ, ನಿಮ್ಮ ಲೈಟು. ಹೆಜ್ಜೇನು ರಾತ್ರಿ ಬೆಳಕಿಗೆ ಹಾರಿ ಬಂದು ಸುತ್ತಿ ಸುತ್ತಿ ಬೀಳುತ್ತದೆ. ಬಾಲ್ಕನಿ ದೀಪ ಆರಿಸಿ, ಪರದೆ ಎಳೆಯಿರಿ. ಮುಕ್ಕಾಲು ಸಮಸ್ಯೆ ಅಲ್ಲೇ ಮುಗಿಯುತ್ತದೆ. ಸಕ್ಕರೆ ನೀರು ಇಡಬೇಡಿ, ಬೆಳಿಗ್ಗೆ ಹುಳಗಳ ದಂಡೇ ನಿಮ್ಮ ಬಾಲ್ಕನಿಗೆ ಬರುತ್ತದೆ. ಹೆಜ್ಜೇನು ಸಾಕುಜೇನಲ್ಲ. ಹೂವಿನ ಕಾಲಕ್ಕೆ ಬರುತ್ತದೆ, ಮುಗಿದ ಮೇಲೆ ತಾನೇ ಹೋಗುತ್ತದೆ. ಅಸೋಸಿಯೇಷನ್‌ನವರು ಔಷಧಿ ಹೊಡೆಸುವ ಮಾತಾಡುತ್ತಿದ್ದರೆ ಅಷ್ಟು ದಿನ ತಡೆಯಿರಿ ಅಂತ ಹೇಳಿ. ಬೇಸಿಗೆಯಲ್ಲಿ ಇಡಬೇಕಾದ್ದು ನೀರು. ಅಗಲ ಮಣ್ಣಿನ ತಟ್ಟೆಯಲ್ಲಿ ಗೋಲಿಕಲ್ಲು ಹಾಕಿ, ಕಲ್ಲಿನ ತಲೆ ಮುಳುಗದಷ್ಟು ನೀರು, ಮನೆಯಿಂದ ಸ್ವಲ್ಪ ದೂರದಲ್ಲಿ. ದಿನಾ ಬದಲಿಸಿ.

ಪ್ರಶ್ನೆ: ಮಿಕ್ಕಿದ ಪಾಕವನ್ನು ಎಷ್ಟು ದಿನ ಇಡಬಹುದು?
(ರಾಜಾಜಿನಗರದ ಓದುಗರು)

ಉತ್ತರ: ಹೊರಗಾದರೆ ಎರಡು ದಿನ, ಫ್ರಿಜ್ಜಿನಲ್ಲಾದರೆ ಒಂದು ವಾರ. ಕೊಡುವ ಮುಂಚೆ ಹೊರಗಿಟ್ಟು ತಣ್ಣಗಿರುವುದು ಹೋಗಲಿ. ಹುಳಿ ವಾಸನೆ ಬಂದರೆ, ಮೇಲೆ ನೊರೆ ಕಂಡರೆ ಸಿಂಕಿಗೆ ಸುರಿದು ಮೇಲಿಂದ ನೀರು ಬಿಡಿ. ಗಿಡದ ಬುಡಕ್ಕೆ ಹಾಕಬೇಡಿ, ಇರುವೆ ಬರುತ್ತದೆ.